ಆಕಳ ನಾಲಿಗೆಗೆ ಸೂಜಿ ಬೇಕೇ ಬೇಕಾ?

ಕಬ್ಬು ಕಟಾವು ಶುರುವಾಯಿತೆಂದರೆ ಜಮಖಂಡಿ, ಮುಧೋಳ ಕಡೆ ದನಗಳಿಗೆ ಕಬ್ಬಿನ ತುದಿಯ ಗರಿಯೇ ಮೇವು. ಪುಕ್ಕಟೆ ಸಿಗುತ್ತದೆ, ಹಸಿರಾಗಿರುತ್ತದೆ. ಆದರೆ ಅಂಚು ಬಲು ಹರಿತ. ನಾಲಿಗೆ ಕೊಯ್ದುಕೊಂಡ ಆಕಳನ್ನು ಹಿಡಿದುಕೊಂಡು ಮಾಲೀಕರು ಬರುತ್ತಾರೆ. "ಸಾಹೇಬ್ರ, ನಾಲಿಗಿ ಹರದೈತ್ರಿ, ಒಂದ್ ಸೂಜಿ ಮಾಡಿಬಿಡ್ರಿ."

ನಾಲಿಗೆ ಪಕ್ಕಕ್ಕೆ ಎಳೆದು ನೋಡಿದರೆ ಎರಡು ಬೆರಳಷ್ಟು ಉದ್ದದ ಗೀರು. ಒಳಗೆ ಮೇವಿನ ಚೂರು ಸಿಕ್ಕಿಕೊಂಡಿದೆ. ಅಂಚು ಮಾತ್ರ ತಿಳಿಗೆಂಪು. ಕೀವಿಲ್ಲ, ವಾಸನೆಯಿಲ್ಲ. ಇದೇ ನಾಲಿಗೆ ಬೆಳಗಿನಿಂದ ಮಣ್ಣು, ಸಗಣಿ ತಾಗಿದ ಮೇವು, ಕರುವಿನ ಬೆನ್ನು ಎಲ್ಲವನ್ನೂ ನೆಕ್ಕಿದೆ! ಹೆಚ್ಚಿನ ಸಲ ನಾನು ಉಪ್ಪುನೀರಿನಿಂದ ತೊಳೆದು, ನಾಲ್ಕು ದಿನ ಮೆತ್ತನೆ ಮೇವು ಹಾಕಿ ಅಂತ ಹೇಳಿ ಕಳಿಸುತ್ತೇನೆ. ಮಾಲೀಕರಿಗೆ ಸಮಾಧಾನ ಆಗುವುದಿಲ್ಲ. ದವಾಖಾನೆಗೆ ಬಂದು ಸೂಜಿ ಇಲ್ಲದೆ ಹೋಗುವುದು ಹೇಗೆ, ಅಲ್ವಾ?

ಸೂಜಿ ಆಕಳ ಮೈಯಲ್ಲೇ ಇದೆ ಎನ್ನುವುದು ನನ್ನ ಉತ್ತರ. ಆಕಳ ನಾಲಿಗೆಯ ಮೇಲ್ಪದರ ತಾನೇ ಒಂದು ರೋಗಾಣುನಾಶಕವನ್ನು ತಯಾರಿಸುತ್ತದೆ ಅಂತ 1995ರಲ್ಲಿ ವಿಜ್ಞಾನಿಗಳು ತೋರಿಸಿದರು. ಗಾಯವಾದ ಜಾಗದ ಸುತ್ತ ಅದರ ತಯಾರಿ ಜೋರಾಗುತ್ತದೆ ಅನ್ನುವುದನ್ನೂ ಕಂಡರು. ಅದಕ್ಕೂ ಮೊದಲು, 1991ರಲ್ಲಿ, ಆಕಳ ಶ್ವಾಸನಾಳದಲ್ಲಿ ಇಂಥದ್ದೇ ಒಂದು ವಸ್ತು ಸಿಕ್ಕಿತ್ತು. ಆ ತಂಡದಲ್ಲಿ ಮೈಕೆಲ್ ಜಾಸ್ಲೋಫ್ ಇದ್ದರು. ಶಸ್ತ್ರಚಿಕಿತ್ಸೆ ಮಾಡಿದ ಕಪ್ಪೆಗಳನ್ನು ರಾಡಿ ನೀರಿಗೆ ಬಿಟ್ಟರೂ ಗಾಯ ಯಾಕೆ ಕೀವಾಗುವುದಿಲ್ಲ ಅಂತ ತಲೆ ಕೆಡಿಸಿಕೊಂಡು, 1987ರಲ್ಲಿ ಕಪ್ಪೆಯ ಚರ್ಮದಲ್ಲಿ ಇಂಥ ವಸ್ತು ಹುಡುಕಿದವರು ಅವರೇ.

ಇವುಗಳಿಗೆ ಆಂಟಿಮೈಕ್ರೋಬಿಯಲ್ ಪೆಪ್ಟೈಡ್ ಎನ್ನುತ್ತಾರೆ. ಅಂದರೆ ಪ್ರೋಟೀನಿನ ಸಣ್ಣ ತುಣುಕುಗಳು. ಶ್ವಾಸನಾಳದ್ದರಲ್ಲಿ ಇರುವುದು ಬರೀ 38 ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರದ 38 ಮಣಿ. ಇವುಗಳ ಮೈಮೇಲೆ ಧನ ವಿದ್ಯುದಂಶ ಇರುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯ ಮೇಲೆ ಋಣ. ಹೋಗಿ ಅಂಟಿಕೊಂಡು ಪೊರೆಯೊಳಗೆ ತೂರಿಬಿಡುತ್ತವೆ. ಹೆಗ್ಗಣ ಕಡಿದ ಜೋಳದ ಚೀಲದ ಹಾಗೆ ಬ್ಯಾಕ್ಟೀರಿಯಾದ ಒಳಗಿನದೆಲ್ಲ ಹೊರಗೆ ಸುರಿಯುತ್ತದೆ. ಆಕಳ ಸ್ವಂತ ಜೀವಕೋಶಗಳ ಹೊರಮೈಯಲ್ಲಿ ಅಂಥ ಋಣ ಅಂಶ ಇರುವುದು ತೀರಾ ಕಡಿಮೆ, ಪೊರೆಯಲ್ಲಿ ಕೊಲೆಸ್ಟ್ರಾಲ್ ಬೇರೆ ಇರುತ್ತದೆ. ಹಾಗಾಗಿ ಅವುಗಳಿಗೆ ಅಷ್ಟಾಗಿ ಏಟು ಬೀಳುವುದಿಲ್ಲ.

ಹೊಸ ರೋಗಾಣುವಿಗೆ ತಕ್ಕ ಪ್ರತಿಕಾಯ ತಯಾರಾಗಲು ಮೈಗೆ ಹಲವು ದಿನ ಬೇಕು. ಪೆಪ್ಟೈಡ್‌ಗಳು ಕೆಲವೇ ಗಂಟೆಗಳಲ್ಲಿ ಹೆಚ್ಚುತ್ತವೆ. ಬಿಳಿ ರಕ್ತಕಣಗಳಲ್ಲಂತೂ ಮೊದಲೇ ತುಂಬಿಟ್ಟಿರುತ್ತವೆ. ಇನ್ನೊಂದು ಮಾತು. ಆಕಳಲ್ಲಿ ಕ್ಯಾಥೆಲಿಸಿಡಿನ್ ಅನ್ನುವ ಗುಂಪಿನ ಪೆಪ್ಟೈಡ್‌ಗಳು ಹಲವು ಬಗೆ. ಮನುಷ್ಯರಿಗೆ ಇರುವುದು ಒಂದೇ. ಈ ವಿಷಯದಲ್ಲಿ ಆಕಳೇ ಸಾಹುಕಾರ್ತಿ.

ಹಾಗಂತ ನಾಲಿಗೆಗೆ ಏನೂ ಆಗುವುದಿಲ್ಲ ಅಂತ ಸುಮ್ನೆ ಇರಬೇಡಿ. ಗೀರಿನ ಮೂಲಕವೇ ಒಳಗಿಳಿಯುವ ಬ್ಯಾಕ್ಟೀರಿಯಾ ಒಂದಿದೆ. ನಾಲಿಗೆ ಊದಿ ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ, ಜೊಲ್ಲು ಸುರಿಯುತ್ತದೆ, ದನ ಮೇವು ಬಿಡುತ್ತದೆ. ಅದಕ್ಕೆ ಔಷಧಿ ಬೇಕೇ ಬೇಕು, ತಡ ಮಾಡಬಾರದು. ಜೊಲ್ಲಿನ ಜೊತೆಗೆ ಬಾಯಿ, ಗೊರಸು ಎರಡರಲ್ಲೂ ಹುಣ್ಣು ಕಂಡರೆ ಅದು ಕಾಲುಬಾಯಿ ರೋಗ ಇರಬಹುದು. ಆ ಲೆಕ್ಕವೇ ಬೇರೆ.

ನನಗೆ ಜಾಸ್ತಿ ತಲೆಬಿಸಿ ತರುವುದು ಸ್ಟಿರಾಯ್ಡ್. ಹಳ್ಳಿಗಳಲ್ಲಿ ಜ್ವರ ಅಂದರೆ ಸಾಕು, ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಎನ್ನುವ ಸ್ಟಿರಾಯ್ಡ್ ಸೇರಿಸಿ ಚುಚ್ಚುವವರಿದ್ದಾರೆ. ಸಂಜೆಯೊಳಗೆ ಜ್ವರ ಇಳಿಯುತ್ತದೆ, ದನ ಎದ್ದು ಮೇಯುತ್ತದೆ, ಚುಚ್ಚಿದವನಿಗೆ ಒಳ್ಳೆಯ ಹೆಸರು. ಆಕಳ ಶ್ವಾಸನಾಳದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಇದೇ ಔಷಧಿ ಹಾಕಿ ನೋಡಿದ್ದಾರೆ. ರೋಗಾಣುವಿನ ಸುಳಿವು ಸಿಕ್ಕರೂ ಅವು ಪೆಪ್ಟೈಡ್ ತಯಾರಿಸುವುದು ಕಡಿಮೆಯಾಯಿತು. ಕೀಟೋಸಿಸ್ (ಕರು ಹಾಕಿದ ಆಕಳಿಗೆ ಮೈಯಲ್ಲಿ ಶಕ್ತಿ ಸಾಲದೆ ಬರುವ ಕಾಯಿಲೆ), ಅಲರ್ಜಿಯಂಥ ಕಡೆ ಸ್ಟಿರಾಯ್ಡ್ ನಾನೂ ಕೊಡುತ್ತೇನೆ. ಪ್ರತಿ ಜ್ವರಕ್ಕೂ ಕೊಡುವುದನ್ನು ಮಾತ್ರ ಒಪ್ಪುವುದಿಲ್ಲ.

ಹೊರಗಿನಿಂದ ಚುಚ್ಚದಿದ್ದರೂ ಮೈಯೇ ಸ್ಟಿರಾಯ್ಡ್ ಸುರಿಸುವ ಹೊತ್ತು ಇದೆ. ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಖಿಲ್ಲಾರಿ ಹೋರಿಗಳನ್ನು ಗಾಡಿಯಲ್ಲಿ ತುಂಬಿ ಒಯ್ಯುತ್ತಾರೆ. ಥಂಡಿ, ಧೂಳು, ನೀರಿಲ್ಲ, ಹೆದರಿಕೆ ಬೇರೆ. ಮೈಯಲ್ಲಿ ಕಾರ್ಟಿಸೋಲ್ ಎನ್ನುವ ಒತ್ತಡದ ಹಾರ್ಮೋನು ಏರುತ್ತದೆ. ಅದೂ ಸ್ಟಿರಾಯ್ಡೇ. ಮೂಗಿನಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾ ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಆಗುವುದು ಇಂಥ ಪ್ರಯಾಣದ ನಂತರವೇ ಹೆಚ್ಚು. ಗಾಡಿಗೆ ಕಿಕ್ಕಿರಿದು ತುಂಬಬೇಡಿ, ದಾರಿಯಲ್ಲಿ ನಿಲ್ಲಿಸಿ ನೀರು ಕುಡಿಸಿ, ಇಳಿಸಿದ ಮೇಲೆ ಒಂದು ದಿನ ಸುಧಾರಿಸಿಕೊಳ್ಳಲು ಬಿಡಿ. ಇಷ್ಟು ಮಾಡಿದರೆ ಆಮೇಲಿನ ಸೂಜಿ ಎಷ್ಟೋ ಉಳಿಯುತ್ತದೆ.

ಕೆಚ್ಚಲಿನಲ್ಲೂ ಈ ಪೆಪ್ಟೈಡ್‌ಗಳಿವೆ. ಆದರೆ ಅಲ್ಲಿ ಮೊದಲ ಕಾವಲು ಮೊಲೆಯ ತೂತು ಮುಚ್ಚಿಕೊಳ್ಳುವುದು. ಹಾಲು ಹಿಂಡಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅದು ತೆರೆದೇ ಇರುತ್ತದೆ. ಹಿಂಡಿದ ಕೂಡಲೇ ಮುಂದೆ ಮೇವು ಹಾಕಿ, ನಿಂತುಕೊಂಡೇ ಇರಲಿ. ಕೆಚ್ಚಲು ಬಿಸಿಯಾಗಿ ಬಾತು, ಹಾಲು ಒಡೆದಂತೆ ಗಡ್ಡೆಗಡ್ಡೆಯಾಗಿ ಬಂದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಕೊನೆಯದಾಗಿ ಕೋಳಿ ಸಾಕುವವರಿಗೂ ಒಂದು ಮಾತು. ಕೊಲಿಸ್ಟಿನ್ ಎನ್ನುವ ಆಂಟಿಬಯೋಟಿಕ್ ಕೂಡ ಒಂದು ಪೆಪ್ಟೈಡೇ. ಬ್ಯಾಕ್ಟೀರಿಯಾದಿಂದ ತೆಗೆದದ್ದು, ಪೊರೆಗೇ ಏಟು ಕೊಡುತ್ತದೆ. ಮನುಷ್ಯರಿಗೆ ಬೇರೆ ಔಷಧಿ ಯಾವುದೂ ನಾಟದಿದ್ದಾಗ ಐಸಿಯುನಲ್ಲಿ ಕೊಡುವಂಥದ್ದು. ಅದನ್ನು ಕೋಳಿ ಬೇಗ ಬೆಳೆಯಲಿ ಅಂತ ಮೇವಿಗೆ ಬೆರೆಸುತ್ತಿದ್ದರು. ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಹುಟ್ಟಿಕೊಂಡವು. ಹಾಗೆ ಜಗ್ಗದವು ಪ್ರಾಣಿ, ಮನುಷ್ಯರ ಮೈಯ ಸ್ವಂತ ಪೆಪ್ಟೈಡ್‌ಗಳಿಗೂ ಅಷ್ಟಾಗಿ ಬಗ್ಗುವುದಿಲ್ಲ ಅಂತ 2023ರ ಒಂದು ಅಧ್ಯಯನ ತೋರಿಸಿತು. ಇದು ಸಣ್ಣ ಸಂಗತಿಯಲ್ಲ. ಭಾರತ ಸರ್ಕಾರ 2019ರ ಜುಲೈನಲ್ಲೇ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗೆ, ಮೀನಿಗೆ ಕೊಲಿಸ್ಟಿನ್ ನಿಷೇಧಿಸಿದೆ. ಮೇವಿಗೆ ಬೆರೆಸುವ ಪುಡಿ ಕೊಳ್ಳುವಾಗ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿ. ಆ ಹೆಸರಿದ್ದರೆ ಅಂಗಡಿಯವರಿಗೇ ವಾಪಸ್ ಕೊಟ್ಟುಬಿಡಿ.