ರಾಡ್ ಬಾಗಿದರೆ ಸ್ಟೀಲ್ ಬದಲಿಸಬೇಡಿ, ಉದ್ದ ನೋಡಿ

ತುಮಕೂರಿನ ಅಂತರಸನಹಳ್ಳಿ ಕಡೆಯ ವರ್ಕ್‌ಶಾಪ್‌ಗಳಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಸರ್, ಪ್ರೆಸ್‌ನ ರಾಡ್ ಬಾಗಿಬಿಟ್ಟಿದೆ. ಎಂಎಸ್ ತೆಗೆದು ಇಎನ್ 24 ಹಾಕಿಬಿಡಲಾ?" ಸಾಮಾನ್ಯ ಮೈಲ್ಡ್ ಸ್ಟೀಲ್ (ಎಂಎಸ್) ಬದಲು ಅದಕ್ಕಿಂತ ಗಟ್ಟಿಯಾದ ಇಎನ್ 24 ಸ್ಟೀಲ್ ಹಾಕಲಾ ಅಂತ ಅವರ ಪ್ರಶ್ನೆ. ಬೇಡ. ದುಡ್ಡೂ ಹೋಗುತ್ತದೆ, ರಾಡ್ ಮತ್ತೆ ಬಾಗುತ್ತದೆ.

ಲೆಕ್ಕ ಹಾಕಿ ನೋಡಿ. 25 ಎಂಎಂ ರಾಡ್‌ನ ಕ್ರಾಸ್ ಸೆಕ್ಷನ್ 491 ಚದರ ಎಂಎಂ. ಎಂಎಸ್ ಒಂದು ಚದರ ಎಂಎಂಗೆ 250 ನ್ಯೂಟನ್ ತಡೆಯುತ್ತದೆ, ಅಂದರೆ ಒಟ್ಟು ಸುಮಾರು ಹನ್ನೆರಡೂವರೆ ಟನ್. ನಾಲ್ಕು ಬೆರಳು ಉದ್ದದ ತುಂಡಾದರೆ ನಿಜಕ್ಕೂ ಅಷ್ಟು ತಡೆಯುತ್ತದೆ. ಅದೇ ರಾಡ್ ಒಂದೂವರೆ ಮೀಟರ್ ಉದ್ದವಿದ್ದು, ಎರಡೂ ತುದಿಗೆ ಪಿನ್ ಇದ್ದರೆ 1.7 ಟನ್‌ಗೇ ಬಿಲ್ಲಿನ ಹಾಗೆ ಬಾಗುತ್ತದೆ. ಇದನ್ನೇ ಬಕ್ಲಿಂಗ್ ಅನ್ನುವುದು. ಗಣಿತಜ್ಞ ಆಯ್ಲರ್ 1744ರಲ್ಲೇ ಇದರ ಲೆಕ್ಕ ಕೊಟ್ಟ. ಆ ಸೂತ್ರದಲ್ಲಿ ಸ್ಟೀಲಿನ ಸ್ಟ್ರೆಂತ್ ಇಲ್ಲವೇ ಇಲ್ಲ! ಇರುವುದು ಉದ್ದ, ದಪ್ಪ, ಯಂಗ್ಸ್ ಮಾಡ್ಯುಲಸ್ (ಸ್ಟೀಲ್ ಮಣಿಯದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಅಳತೆ) ಅಷ್ಟೆ. ಆ ಮಾಡ್ಯುಲಸ್ ಎಂಎಸ್‌ಗೂ ಮಧ್ಯಮ ಗಟ್ಟಿಯ ಇಎನ್ 8ಕ್ಕೂ ಇಎನ್ 24ಕ್ಕೂ ಹೆಚ್ಚು ಕಡಿಮೆ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್, ಹಾರ್ಡನಿಂಗ್ ಮಾಡಿಸಿದರೂ ಬದಲಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಜಾಗ ಇದ್ದರೆ ಮಧ್ಯದಲ್ಲಿ ಒಂದು ಗೈಡ್ ಬುಷ್ (ರಾಡ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಬಳೆ) ಕೊಡಿ. ಆಸರೆ ಇಲ್ಲದ ಉದ್ದ ಅರ್ಧ ಆಗುತ್ತದೆ, ತಡೆಯುವ ಭಾರ ಲೆಕ್ಕದಲ್ಲಿ ನಾಲ್ಕು ಪಟ್ಟು. ಬುಷ್‌ಗೆ ಜಾಗ ಇಲ್ವಾ? 32 ಎಂಎಂ ರಾಡ್ ಹಾಕಿ, ಎರಡೂವರೆ ಪಟ್ಟಿಗಿಂತ ಜಾಸ್ತಿ ಸಿಗುತ್ತದೆ. ಇನ್ನೊಂದು ಮಾತು. ನಮ್ಮ ಜಿಲ್ಲೆಯ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಪ್ರೆಸ್‌ಗಳಲ್ಲಿ ಅಚ್ಚಿಗೆ ಪುಡಿ ತುಂಬುವಾಗ ಒಂದು ಮೂಲೆಗೆ ಜಾಸ್ತಿ ಬಿದ್ದರೆ ಒತ್ತಡ ಓರೆಯಾಗುತ್ತದೆ, ಆಗ ಆ 1.7 ಟನ್ ಕೂಡ ಸಿಗುವುದಿಲ್ಲ. ಅದಕ್ಕೇ ನಾನು ಲೆಕ್ಕದಲ್ಲಿ ಬಂದಿದ್ದರ ಮೂರನೇ ಒಂದು ಪಾಲನ್ನು ಮಾತ್ರ ನಂಬುತ್ತೇನೆ.

ಫ್ರಿಕ್ಷನ್ ವಿಷಯದಲ್ಲೂ ಇದೇ ಕಥೆ, ಯಾವ ಸ್ಟೀಲ್ ಅಂತ ಮಾತ್ರ ನೋಡಿದರೆ ಸಾಲದು. "ಸ್ಟೀಲ್ ಮೇಲೆ ಸ್ಟೀಲ್ ಎಷ್ಟು ಸರ್?" ಅಂತ ಸುಮ್ನೆ ಕೇಳಿದರೆ ಉತ್ತರ ಇಲ್ಲ. ಎಣ್ಣೆ ಇದೆಯಾ, ತುಕ್ಕು ಹಿಡಿದಿದೆಯಾ, ಅದನ್ನು ಮೊದಲು ಹೇಳಬೇಕು ಅಲ್ವಾ? ಒರೆಸಿದ ಒಣ ಮೈಗೆ ಫ್ರಿಕ್ಷನ್ ಗುಣಾಂಕ 0.6 ದಾಟಬಹುದು, ಎಣ್ಣೆ ಹಚ್ಚಿದರೆ 0.15ರ ಆಸುಪಾಸು.

ಇದರ ಪೆಟ್ಟು ನೇರವಾಗಿ ಬೀಳುವುದು ಬೋಲ್ಟ್ ಮೇಲೆ. ನಾವು ತಿರುಗಿಸುವ ಟಾರ್ಕ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ತಲೆಯ ಕೆಳಗೆ ಮತ್ತು ಥ್ರೆಡ್‌ನಲ್ಲಿ ಫ್ರಿಕ್ಷನ್‌ಗೇ ಹೋಗುತ್ತದೆ. 8.8 ಗ್ರೇಡಿನ ಎಂ16 (16 ಎಂಎಂ ದಪ್ಪದ) ಬೋಲ್ಟ್ ತೆಗೆದುಕೊಳ್ಳಿ. ಒಣಗಿದ್ದಾಗ 225 ನ್ಯೂಟನ್ ಮೀಟರ್ ಕೊಟ್ಟರೆ ಸುಮಾರು 70 ಕಿಲೋನ್ಯೂಟನ್ ಎಳೆತ ಬರುತ್ತದೆ. ಯಾರೋ ಒಳ್ಳೆಯ ಮನಸ್ಸಿನಿಂದಲೇ ಎಣ್ಣೆ ಹಚ್ಚಿ ಅದೇ 225ಕ್ಕೆ ಬಿಗಿದರು ಅನ್ನಿ, ಎಳೆತ ಸುಮಾರು 94 ಕಿಲೋನ್ಯೂಟನ್‌ಗೆ ಏರುತ್ತದೆ, ಆ ಬೋಲ್ಟಿನ ಪ್ರೂಫ್ ಲೋಡ್ (ಶಾಶ್ವತವಾಗಿ ಉದ್ದವಾಗದೆ ತಡೆಯಬಲ್ಲ ಎಳೆತ) ಇರುವುದೇ ಸುಮಾರು 91. ಎಣ್ಣೆಗಿಂತಲೂ ಜಾರುವ ಮೋಲಿ (ಮಾಲಿಬ್ಡಿನಮ್) ಪೇಸ್ಟ್ ಹಚ್ಚಿದರೆ ಬೋಲ್ಟ್ ಎಳೆದುಕೊಂಡು ಉದ್ದವೇ ಆಗಿಬಿಡಬಹುದು. ಡ್ರಾಯಿಂಗ್‌ನಲ್ಲಿ ಟಾರ್ಕ್ ಪಕ್ಕ "ಒಣ" ಅಥವಾ "ಎಣ್ಣೆ ಹಚ್ಚಿ" ಅಂತ ಬರೆದಿಲ್ಲವಾದರೆ, ಸ್ಪ್ಯಾನರ್ ಹಿಡಿಯುವ ಮುಂಚೆ ಡಿಸೈನರ್‌ಗೆ ಫೋನ್ ಮಾಡಿ ಕೇಳಿ.