ಪ್ಯಾರಿಸ್‌ನಲ್ಲಿ ಊಟ: ಗೋಡೆ ನೋಡಿ ಹೋಗೋದೋ, ತಟ್ಟೆ ನೋಡಿ ಹೋಗೋದೋ?

ಪ್ರಶ್ನೆ: ನಾನು, ನನ್ನ ಹೆಂಡತಿ ಪ್ಯಾರಿಸ್‌ಗೆ ಹೊರಟಿದ್ದೇವೆ. ಒಂದಾದರೂ ಸರಿಯಾದ ಫ್ರೆಂಚ್ ಊಟ ಮಾಡಬೇಕು ಅಂತ ಆಸೆ. ಫೋಟೊದಲ್ಲಿ ಅರಮನೆ ಥರ ಕಾಣುವ ಹೋಟೆಲ್‌ಗಳಿವೆ, ಆದರೆ ಅಲ್ಲಿ ಊಟ ಸುಮಾರು ಅಂತಾರೆ. ಊಟ ಚೆನ್ನಾಗಿದೆ ಅನ್ನುವ ಕಡೆ ಬರೀ ಮರದ ಮೇಜು. ಯಾವುದನ್ನು ಆರಿಸೋಣ? ಹೆಂಡತಿ ಮಾಂಸ, ಮೀನು ತಿನ್ನುವುದಿಲ್ಲ.

ಉತ್ತರ: ಎರಡೂ ಕಡೆ ಹೋಗಿ. ಒಂದೇ ಕಡೆ ಎರಡನ್ನೂ ಹುಡುಕಬೇಡಿ, ಅಷ್ಟೆ.

ಪ್ಯಾರಿಸ್‌ನಲ್ಲಿ ಹೋಟೆಲಿನ ಚೆಂದಕ್ಕೂ ಅಡುಗೆಮನೆಗೂ ಸಂಬಂಧ ತಪ್ಪಿ ಎಷ್ಟೋ ಕಾಲವಾಗಿದೆ. ಗಾರ್ ದ ಲಿಯೊಂ ರೈಲು ನಿಲ್ದಾಣದ ಮಹಡಿಯಲ್ಲಿರುವ ‘ಲೆ ಟ್ರೆಂ ಬ್ಲೂ’ ನೋಡಿ. 1901ರಲ್ಲಿ ಆಗಿನ ಅಧ್ಯಕ್ಷ ಎಮಿಲ್ ಲೂಬೆ ಇದನ್ನು ಉದ್ಘಾಟಿಸಿದರು. ಛಾವಣಿ, ಗೋಡೆ ತುಂಬ ಚಿನ್ನದ ಬಣ್ಣ, ತೂಗುದೀಪ, 41 ವರ್ಣಚಿತ್ರ. ಅಲ್ಲಿಂದ ಹೊರಡುವ ರೈಲು ಹಾದುಹೋಗುವ ಊರುಗಳೇ ಆ ಚಿತ್ರಗಳಲ್ಲಿವೆ. 1972ರಲ್ಲಿ ಸರ್ಕಾರ ಇದನ್ನು ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಅಂದ್ರೆ ಮಾಲೀಕರು ತಮಗಿಷ್ಟ ಬಂದ ಹಾಗೆ ಗೋಡೆ ಮುಟ್ಟುವ ಹಾಗಿಲ್ಲ. ಆದರೆ ಬಾಣಸಿಗ ಬದಲಾಗಬಹುದು, ಮೆನು ಬದಲಾಗಬಹುದು, ಬೆಣ್ಣೆಯ ಗುಣಮಟ್ಟ ಇಳಿಯಬಹುದು. ಅದಕ್ಕೆ ಯಾವ ಕಾನೂನಿನ ಕಾವಲೂ ಇಲ್ಲ. ಪ್ಯಾರಿಸ್‌ನಲ್ಲಿ ಇಂಥ ಹೋಟೆಲ್‌ಗಳು ಇನ್ನೂ ಹಲವು ಇವೆ.

ಇದರ ಹಿಂದೆ ಲೆಕ್ಕಾಚಾರವೂ ಇದೆ. ನೂರಾರು ಜನ ಕೂರುವ ಹಾಲ್, ಅದರ ನಿರ್ವಹಣೆ, ಬಾಡಿಗೆ ಎಲ್ಲ ಬಿಲ್ಲಿನಲ್ಲೇ ಹುಟ್ಟಬೇಕು. ಬರುವವರಲ್ಲಿ ಬಹಳಷ್ಟು ಮಂದಿ ಜೀವನದಲ್ಲಿ ಒಂದೇ ಸಲ ಬರುವ ಪ್ರವಾಸಿಗರು. ಊಟ ಸಾಧಾರಣವಾಗಿದ್ದರೂ ನಾಳೆ ಹೊಸಬರು ಕ್ಯೂನಲ್ಲಿ ಇದ್ದೇ ಇರ್ತಾರೆ. ಕಾರ್ಖಾನೆಯಲ್ಲಿ ಬೇಯಿಸಿದ್ದನ್ನು ತಂದು ಬಿಸಿ ಮಾಡಿ ಬಡಿಸುವ ಹೋಟೆಲ್‌ಗಳು ಫ್ರಾನ್ಸ್‌ನಲ್ಲಿ ಎಷ್ಟು ಹೆಚ್ಚಿದವು ಅಂದ್ರೆ, 2014ರಲ್ಲಿ ಸರ್ಕಾರ ‘ಫೆ ಮೆಜೊಂ’ ಅಂತ ಒಂದು ಗುರುತನ್ನೇ ತಂದಿತು. ಬಾಣಲೆಯ ಮೇಲೆ ಮನೆಯ ಸೂರಿನ ಆಕಾರದ ಮುಚ್ಚಳ ಇರುವ ಚಿತ್ರ ಅದು. ಹಸಿ ಸಾಮಾನಿನಿಂದ ಅಲ್ಲೇ ಮಾಡಿದ ಅಡುಗೆ ಅಂತ ಅರ್ಥ. ಹಾಗಂತ ಪೂರ್ತಿ ನಂಬಿಕೊಳ್ಳಬೇಡಿ. ಫ್ರೀಜ್ ಮಾಡಿದ ಹಸಿ ತರಕಾರಿ ಬಳಸಿದರೂ ಆ ಗುರುತು ಹಾಕಿಕೊಳ್ಳಬಹುದು.

ಹೋಟೆಲ್‌ಗಳಿಗೆ ದರ್ಜೆ ಕೊಡುವ ಫ್ರೆಂಚ್ ಕೈಪಿಡಿ ಮಿಶೆಲಿನ್‌ನ ನಕ್ಷತ್ರ ಸಿಕ್ಕಿದ ಜಾಗ ಅಂದ್ರೆ ವೈಭವದ ಜಾಗ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ನಕ್ಷತ್ರ ತಟ್ಟೆಯಲ್ಲಿರುವುದಕ್ಕೆ ಮಾತ್ರ. ಹಾಲ್, ಕುರ್ಚಿ, ಉಪಚಾರಕ್ಕೆ ಆ ಕೆಂಪು ಕೈಪಿಡಿಯಲ್ಲಿ ಫೋರ್ಕು-ಚಮಚದ ಬೇರೆ ಗುರುತೇ ಇತ್ತು. ಸೇನ್ ನದಿ ಪಕ್ಕದ ‘ತೂರ್ ದಾರ್ಜಾಂ’ಗೆ ಒಂದು ಕಾಲಕ್ಕೆ ಮೂರು ನಕ್ಷತ್ರ ಇದ್ದವು. 1996ರಲ್ಲಿ ಒಂದು ಹೋಯಿತು, 2006ರಲ್ಲಿ ಇನ್ನೊಂದು. ಕಿಟಕಿಯಾಚೆಯ ನೋಟ್ರ ಡಾಮ್ ಚರ್ಚ್ ಮಾತ್ರ ಇದ್ದಲ್ಲೇ ಇತ್ತು!

ಹಾಗಾದರೆ ಚೆಂದದ ಜಾಗಕ್ಕೆ ಹೋಗಲೇಬಾರದಾ? ಖಂಡಿತ ಹೋಗಿ, ಆ ಚೆಂದ ಸುಳ್ಳಲ್ಲ. ಲೆ ಟ್ರೆಂ ಬ್ಲೂನಲ್ಲಿ ಬಾರ್ ಇದೆ. ಚರ್ಮದ ಸೋಫಾದಲ್ಲಿ ಕೂತು ಕಾಫಿಯೋ ಒಂದು ಗ್ಲಾಸ್ ವೈನೋ ತೆಗೆದುಕೊಂಡು ಕಣ್ತುಂಬ ನೋಡಿ ಬನ್ನಿ. ಆ ಕಾಫಿ ದುಬಾರಿ ಅನಿಸಿದರೆ, ಮ್ಯೂಸಿಯಂ ಟಿಕೆಟ್ ಕೊಂಡಿದ್ದೀವಿ ಅಂದುಕೊಳ್ಳಿ. ಊಟವನ್ನೇ ಮಾಡಬೇಕೆಂದರೆ ಅಡುಗೆಮನೆ ಕೆಡಿಸಲಾಗದ ಪದಾರ್ಥ ಹೇಳಿ. ಹಳೇ ಬ್ರಾಸರಿಗಳಲ್ಲಿ (ದಿನವಿಡೀ ತೆರೆದಿರುವ ದೊಡ್ಡ ಹೋಟೆಲ್‌ಗಳು) ಬಾಗಿಲ ಬಳಿಯೇ ಮಂಜುಗಡ್ಡೆ ಮೇಲೆ ಸಿಂಪಿ ಜೋಡಿಸಿಟ್ಟು, ಆರ್ಡರ್ ಬಂದಾಗ ಬಿಡಿಸಿ ಕೊಡುತ್ತಾರೆ. ಹಸಿಯಾಗಿಯೇ ತಿನ್ನುವುದು, ಬೇಯಿಸುವ ಮಾತೇ ಇಲ್ಲ. ಲೆ ಟ್ರೆಂ ಬ್ಲೂನಲ್ಲಾದರೆ ಕುರಿಮರಿಯ ಹುರಿದ ತೊಡೆಯನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು ನಿಮ್ಮೆದುರೇ ಕತ್ತರಿಸಿ ಕೊಡುವ ಪದ್ಧತಿ ಇದೆ. ಸಾಸ್ ಸುರಿದ ಮೀನು, ಕ್ರೀಮಿನ ಪಾಸ್ತಾ ಅಲ್ಲಿ ಬೇಡ.

ನಮ್ಮವರು ಇಂಥ ಜಾಗಗಳಿಗೆ ಸಿಕ್ಕಿಬೀಳುವುದಕ್ಕೆ ಇನ್ನೊಂದು ಕಾರಣ ಹಸಿವು. ದಿನವಿಡೀ ಸುತ್ತಿ ಸಂಜೆ ಐದಕ್ಕೆ ಹೊಟ್ಟೆ ಚುರುಗುಟ್ಟುತ್ತೆ. ಒಳ್ಳೆಯ ಅಡುಗೆಮನೆಗಳು ಮಧ್ಯಾಹ್ನ ಎರಡರ ಸುಮಾರಿಗೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಏಳೂವರೆಗೆ. ಆ ಹೊತ್ತಿಗೆ ತೆರೆದಿರುವುದು ದೊಡ್ಡ ಬ್ರಾಸರಿಗಳು, ಚೌಕದ ಕೆಫೆಗಳು. ಬ್ಯಾಗಿನಲ್ಲಿ ಚಕ್ಕುಲಿ ಇಟ್ಟುಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ.

ಚೆಂದ ಮತ್ತು ಊಟದ ಜಗಳ ಅಷ್ಟಾಗಿ ಇಲ್ಲದ ಒಂದು ಜಾತಿ ಇದೆ: ಬೂಯೊಂ. 19ನೇ ಶತಮಾನದಲ್ಲಿ ಕೂಲಿಯವರಿಗೆ ಅಗ್ಗದ ಬಿಸಿ ಊಟ ಹಾಕಲು ಶುರುವಾದ ಹೋಟೆಲ್‌ಗಳಿವು. ‘ಬೂಯೊಂ ಶಾರ್ತಿಯೆ’ 1896ರದು. ಎತ್ತರದ ಗಾಜಿನ ಛಾವಣಿ, ಕನ್ನಡಿಗಳು, ಖಾಯಂ ಗಿರಾಕಿಗಳ ಕರವಸ್ತ್ರ ಇಡಲು ಸಣ್ಣ ಸಣ್ಣ ಮರದ ಖಾನೆಗಳು ಈಗಲೂ ಇವೆ. ವೇಟರ್ ನಿಮ್ಮ ಮೇಜಿನ ಮೇಲೆ ಹಾಸಿದ ಕಾಗದದಲ್ಲೇ ಲೆಕ್ಕ ಬರೆದು ಕೂಡುತ್ತಾನೆ. ಕ್ಯೂ ಉದ್ದ, ಪರಿಚಯವಿಲ್ಲದವರ ಪಕ್ಕ ಕೂರಬೇಕಾಗಬಹುದು. ಊಟ ಅದ್ಭುತ ಅಂತ ನಾನು ಹೇಳಲ್ಲ. ಆದರೆ ಕೆಲವೇ ಯೂರೊಗೆ ಮೊಟ್ಟೆ-ಮಯೊನೇಸ್ ಕೊಟ್ಟರೆ ತಕರಾರು ಯಾಕೆ? ಇನ್ನೂ ಚೆಂದ ಬೇಕಾದರೆ ‘ಬೂಯೊಂ ಜೂಲಿಯೆಂ’. ಬಳ್ಳಿ, ಹೂವು, ಹೆಂಗಸರ ಚಿತ್ರಗಳ ಗಾಜಿನ ಫಲಕಗಳು ಗೋಡೆಯಲ್ಲೇ ಇವೆ. ನನ್ನನ್ನು ಕೇಳಿದರೆ, ದಂಪತಿ ಫೋಟೊಗೆ ಅದೇ ಸರಿ.

ಈಗ ಮರದ ಮೇಜಿನ ವಿಷಯ. 1992ರಲ್ಲಿ ಈವ್ ಕಾಂದೆಬೋರ್ಡ್ ಎಂಬ ಬಾಣಸಿಗ ಕ್ರಿಯೊಂ ಎಂಬ ಐಷಾರಾಮಿ ಹೋಟೆಲಿನ ಅಡುಗೆಮನೆ ಬಿಟ್ಟು, ನಗರದ ದಕ್ಷಿಣ ಅಂಚಿನಲ್ಲಿ ‘ಲಾ ರೆಗಲಾದ್’ ತೆರೆದರು. ಬಾಡಿಗೆ ಕಡಿಮೆ, ಅಲಂಕಾರ ಇಲ್ಲ, ಉಳಿದ ದುಡ್ಡೆಲ್ಲ ಅಡುಗೆಗೆ. ಅದನ್ನು ನೋಡಿ ಹಲವರು ಅದೇ ದಾರಿ ಹಿಡಿದರು. ಇವತ್ತು ಪ್ಯಾರಿಸ್‌ನ ಒಳ್ಳೆಯ ಊಟ ಬಹುಪಾಲು ಇಂಥ ಬೋಳು ಗೋಡೆಗಳ ನಡುವೆ ಸಿಗುತ್ತೆ. ಗುರುತು ಹಿಡಿಯುವುದು ಸುಲಭ. ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೂರೋ ನಾಲ್ಕೋ ಪದಾರ್ಥ, ಮೆನುವಿನಲ್ಲಿ ಆ ಋತುವಿನ ತರಕಾರಿ, ಸುತ್ತ ಫ್ರೆಂಚ್ ಮಾತಾಡುವ ಜನ. ಆರು ಭಾಷೆಯ ಮೆನು, ಬಾಗಿಲಲ್ಲಿ ನಿಂತು ಕರೆಯುವವರು ಕಂಡರೆ ಮುಂದೆ ಹೋಗಿ. ಮಧ್ಯಾಹ್ನವೇ ಹೋದರೆ ಅದೇ ಕೈಯಡುಗೆ ರಾತ್ರಿಗಿಂತ ಕಡಿಮೆ ಬೆಲೆಗೆ ಸಿಗುತ್ತೆ. ಬ್ರೆಡ್ಡಿಗೆ, ಜಗ್‌ನ ನೀರಿಗೆ ದುಡ್ಡಿಲ್ಲ, ಕೇಳಿ ಪಡೆಯಿರಿ.

ನಿಮ್ಮ ಮನೆಯವರ ವಿಷಯಕ್ಕೆ ಬಂದರೆ ಈ ಸಲಹೆ ಸ್ವಲ್ಪ ತಿರುಗುಮುರುಗು. ಮೂರೇ ಪದಾರ್ಥದ ಹಲಗೆಯಲ್ಲಿ ಒಂದು ಮೀನು, ಎರಡು ಮಾಂಸ ಇದ್ದರೆ ಅವರಿಗೆ ಬ್ರೆಡ್ಡೇ ಗತಿ. ದೊಡ್ಡ ಮೆನುವಿನ ಬ್ರಾಸರಿ, ಬೂಯೊಂಗಳಲ್ಲಿ ಏನಾದರೂ ಸಿಕ್ಕೇ ಸಿಗುತ್ತೆ. ಅಲ್ಲೂ ಎಚ್ಚರ: ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ಸಾರು ಹಾಕುತ್ತಾರೆ, ಮೇಕೆ ಚೀಸ್ ಸಲಾಡ್‌ನಲ್ಲಿ ಹಂದಿಮಾಂಸದ ಚೂರುಗಳು ಅಡಗಿರಬಹುದು. ಮೊಟ್ಟೆ ತಿನ್ನುವುದಾದರೆ ಆಮ್ಲೆಟ್ ನಿರಾಳ. ಮರದ ಮೇಜಿನ ಆ ಚಿಕ್ಕ ಹೋಟೆಲ್‌ಗೇ, ಅಂದ್ರೆ ಬಿಸ್ಟ್ರೊಗೇ, ಹೋಗಬೇಕೆಂದರೆ ಟೇಬಲ್ ಬುಕ್ ಮಾಡುವಾಗಲೇ ‘ಸಾಂ ವಿಯಾಂದ್, ಸಾಂ ಪ್ವಾಸೊಂ’, ಅಂದ್ರೆ ಮಾಂಸ ಬೇಡ, ಮೀನು ಬೇಡ ಅಂತ ಬರೆದು ಕಳಿಸಿ. ಸುಮ್ನೆ ವೆಜಿಟೇರಿಯನ್ ಅಂದರೆ ಮೀನು ಬಂದೀತು. ಚಿಕ್ಕ ಅಡುಗೆಮನೆಗೆ ಮೊದಲೇ ಗೊತ್ತಾದರೆ ಬೇರೆ ತಟ್ಟೆ ಮಾಡಿಕೊಡುವವರು ಇದ್ದಾರೆ. ಆಗೋದಿಲ್ಲ ಅಂತ ಉತ್ತರ ಬಂದರೂ ಒಳ್ಳೇದೇ, ಬೇರೆ ಜಾಗ ಹುಡುಕಲು ಟೈಮ್ ಇರುತ್ತೆ.