ಬ್ಯಾಕಪ್ ಉಂಟು, ಪಾಸ್‌ವರ್ಡ್ ಯಾರ ಹತ್ತಿರ?

ಉಡುಪಿ, ಮಂಗಳೂರು ಕಡೆಯ ಸಹಕಾರ ಸಂಘಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಸಂಘಕ್ಕೆ ಹೋದಾಗ ಮೊದಲು ಕೇಳುವುದು ಇಷ್ಟೇ: ಸಾಫ್ಟ್‌ವೇರ್ ಕೊಟ್ಟವರು ನಾಳೆ ಫೋನ್ ಎತ್ತದಿದ್ದರೆ ಸದಸ್ಯರ ಲೆಕ್ಕ ನಿಮಗೆ ಸಿಗುತ್ತದಾ?

“ಬ್ಯಾಕಪ್ ಉಂಟಲ್ಲ ಸರ್” ಎನ್ನುತ್ತಾರೆ. ಲಾಕರ್‌ನಿಂದ ಪೆನ್‌ಡ್ರೈವ್ ಬರುತ್ತದೆ. ಬೇರೆ ಕಂಪ್ಯೂಟರಿಗೆ ಹಾಕಿದರೆ ಫೈಲ್ ಪಾಸ್‌ವರ್ಡ್ ಕೇಳುತ್ತದೆ. ಅದು ಗೊತ್ತಿರುವುದು ಕಂಪನಿಯವರಿಗೆ ಮಾತ್ರ. ಲೆಕ್ಕ ಸಂಘದ್ದು, ಬೀಗದ ಕೈ ಇನ್ನೊಬ್ಬರದ್ದು.

2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಕಂಪನಿಯ ಮೇಲೆ ರಾನ್ಸಮ್‌ವೇರ್ (ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ) ದಾಳಿ ಆಯಿತು. ಯುಪಿಐಯಂಥ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಹೊರಗಿಟ್ಟಿತು. ಅದನ್ನೇ ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು. ತಪ್ಪು ಆ ಬ್ಯಾಂಕುಗಳದ್ದಲ್ಲ. ಒಂದೆರಡು ದಿನದಲ್ಲಿ ಸರಿಹೋಯಿತು ನಿಜ. ಅಷ್ಟು ದಿನ ಹೇಗೋ ತಡೆದುಕೊಳ್ಳಬಹುದು. ನನಗೆ ಜಾಸ್ತಿ ಚಿಂತೆ ಇರುವುದು ಹೊರಬರಲು ದಾರಿಯೇ ಇಲ್ಲದ ಲೆಕ್ಕದ ಬಗ್ಗೆ.

ಏಜೆಂಟರು ದಿನಾ ಬಂದು ಸಣ್ಣ ಮೊತ್ತ ಸಂಗ್ರಹಿಸುವ ಪಿಗ್ಮಿ ಉಳಿತಾಯವನ್ನೇ ನೋಡಿ. 1928ರಲ್ಲಿ ನಮ್ಮ ಉಡುಪಿಯಲ್ಲೇ ಹುಟ್ಟಿದ ಯೋಜನೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯದ್ದು. ಈಗ ಏಜೆಂಟರ ಕೈಯ ಮಷಿನ್, ಕೌಂಟರಿನ ಲೆಡ್ಜರ್, ಸದಸ್ಯರಿಗೆ ಹೋಗುವ ಎಸ್ಎಂಎಸ್ ಮೂರೂ ಎಷ್ಟೋ ಕಡೆ ಒಂದೇ ಕಂಪನಿಯದು. ಲೆಡ್ಜರ್ ಬದಲಿಸಿದರೆ ಮಷಿನ್‌ಗಳೂ ಮೂಲೆಗೆ. ಹಾಗಾಗಿ ಎಎಂಸಿ (ವಾರ್ಷಿಕ ನಿರ್ವಹಣಾ ಶುಲ್ಕ) ಎಷ್ಟು ಏರಿದರೂ ಆಡಳಿತ ಮಂಡಳಿ ಸಹಿ ಹಾಕುತ್ತದೆ. ಬೇರೆ ದಾರಿ ಇಲ್ಲ, ಅಲ್ವಾ?

ಇನ್ನೊಂದು ತೊಡಕು ಕನ್ನಡದ್ದು. ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಸದಸ್ಯರ ಹೆಸರು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಇರುತ್ತದೆ. ಡೇಟಾ ಹೊರತೆಗೆದರೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಪರಿವರ್ತಕಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು. ಸದಸ್ಯತ್ವ ಸಂಖ್ಯೆ ಹಿಡಿದು ಒಂದೊಂದೇ ಹೆಸರು ತಾಳೆ ನೋಡಬೇಕು. ಕಂಪನಿ ಜೊತೆಗಿರುವಾಗಲೇ ಮುಗಿಸಬೇಕಾದ ಕೆಲಸ ಇದು.

ಸುಮ್ನೆ ಕಂಪನಿ ಬದಲಿಸಿ ಎನ್ನುತ್ತಿಲ್ಲ. ಸಣ್ಣ ಸಂಘ ಎರಡು ಸಾಫ್ಟ್‌ವೇರ್ ಸಾಕಲಾರದು. ಕರೆದ ಕೂಡಲೇ ಬೈಕಿನಲ್ಲಿ ಬರುವ ಹುಡುಗನಿಗೆ ದೊಡ್ಡ ಬೆಲೆಯಿದೆ. ಆದರೆ ಮೂರು ತಿಂಗಳಿಗೊಮ್ಮೆ ಪೂರ್ತಿ ಡೇಟಾ ಸಿಎಸ್‌ವಿ ರೂಪದಲ್ಲಿ (ಯಾವ ಕಂಪ್ಯೂಟರಿನಲ್ಲೂ ತೆರೆಯಬಹುದಾದ ಸರಳ ಪಟ್ಟಿಯ ಫೈಲ್), ಯಾವ ಕಾಲಂನಲ್ಲಿ ಏನಿದೆ ಎಂಬ ವಿವರದ ಜೊತೆ ಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿ. ಒಪ್ಪಂದ ಮುಗಿದ ಮೇಲೆ ಎಷ್ಟು ತಿಂಗಳು ನೆರವಾಗುತ್ತಾರೆ ಎಂಬುದನ್ನೂ ಸೇರಿಸಿ. ಅವರು ಕೊಟ್ಟ ಸಿಎಸ್‌ವಿ ಫೈಲನ್ನು ಅವರ ಸಾಫ್ಟ್‌ವೇರ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಹತ್ತು ಸದಸ್ಯರ ಪಾಸ್‌ಬುಕ್ ತರಿಸಿ ಬಾಕಿ ಹೋಲಿಸಿ. ತಾಳೆಯಾದ ಮೇಲೆ ಎಎಂಸಿ ಚೆಕ್‌ಗೆ ಸಹಿ ಹಾಕಿ.